ಅತ್ತೆ ಸುತ್ತಿದ ಕಂಡಿಕೆಗಳು

ನನ್ನ ಸೋದರತ್ತೆಗೆ ಏನೂ ಗೊತ್ತಿಲ್ಲ. ಇದು ನಿಂದೆಯಲ್ಲ; ಅವಳೇ ಹೋದಲ್ಲೆಲ್ಲ ಹೇಳಿಕೊಳ್ಳುವ ಮಾತು. ಅಂಚೆ ಕಚೇರಿಯಿಂದ ನಿವೃತ್ತಳಾದ ಇವಳನ್ನು ಬನಹಟ್ಟಿಯ ಒಂದು ಶಾಲೆಯವರು, ಶನಿವಾರ ಬಂದು ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಮಾರ್ಗದರ್ಶನ ಮಾಡಿ ಎಂದು ಕರೆದರು. ಮೊದಲ ದಿನವೇ ಅತ್ತೆ, "ನನಗ ಏನೂ ಗೊತ್ತಿಲ್ಲ. ನಿಮಗೇನ ಗೊತ್ತೈತಿ, ಹೇಳ್ರಿ" ಅಂದಳು! ಮುಖ್ಯೋಪಾಧ್ಯಾಯರು ಬಾಗಿಲಲ್ಲೇ ನಿಂತಿದ್ದರು, ಪಾಪ.

ಅವಳ ನಿಯಮ ಒಂದೇ. ಮನೆಯಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಪ್ರತಿ ಹುಡುಗಿಯೂ ತರಬೇಕು. ಉತ್ತರಕ್ಕಾಗಿ ಬಲ್ಲವರ ಬಳಿ ಮೆರವಣಿಗೆ. ಹಿಪ್ಪರಗಿ ಬ್ಯಾರೇಜಿನ ಬಾಗಿಲು ಮುಚ್ಚಿದಾಗ ಹೊಳೆಯ ಮೇಲ್ಭಾಗಕ್ಕೆ ಹೋಗಬೇಕಾದ ಮೀನು ಏನು ಮಾಡುತ್ತದೆ? ಸವಿತಾ ಎಂಬ ಹುಡುಗಿಯ ಈ ಪ್ರಶ್ನೆಗೆ ಅಲ್ಲಿನ ಎಂಜಿನಿಯರರು ಅರ್ಧ ಗಂಟೆ ಬೆವರಿದರು.

ಜಮಖಂಡಿಯಿಂದ ಅವಳ ಸ್ಕೂಟರಿನ ಹಿಂದೆ ಕೂತು ಹೋಗುವವಳು ನಾನು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕರೂ ಅತ್ತೆ ಬಿಡುವವಳಲ್ಲ. "ಮುಂದಿಂದು ತಿರಿಗಿದ್ದು ಹಿಂದಿನ ಟ್ರೇಲರಿಗೆ ಹೆಂಗ ಗೊತ್ತಾಗತೈತೋ?"

"ಗೊತ್ತಾಗೂದಿಲ್ರೀ ಅಕ್ಕಾರ, ಅದಕ್ಕ ಪಲ್ಟಿ ಹೊಡೀತೈತಿ!" ಎಂದ ಚಾಲಕ.

ಅಲ್ಲಿಂದ ಚಾಟಿ ನನ್ನತ್ತ. "ಎಂ.ಎಸ್ಸಿ. ಮಾಡೀದಿ. ನೀ ಯಾವಾಗಬೇ ಒಂದ ಪ್ರಶ್ನಿ ಕೇಳಾಕಿ? ಕಲ್ತದ್ದೆಲ್ಲಾ ಡಬ್ಬಿಯೊಳಗ ಮುಚ್ಚಿಟ್ಟಿ ಏನ?" ಮಾತು ನನಗೆ ಸುಲಭವಲ್ಲ.

ಆಮೇಲೆ ಸವಿತಾ ಮೂರು ಶನಿವಾರ ಬರಲಿಲ್ಲ. ವಿಚಾರಿಸಿದರೆ, ಶಾಲೆಗೇ ಬಂದಿಲ್ಲ. ಅವಳ ತಂದೆಯದು ಕೈಮಗ್ಗ. ಮಗ್ಗದ ಲಾಳಿಯೊಳಗಿಡುವ ಸಣ್ಣ ನೂಲಿನ ಉರುಳೆ, ಕಂಡಿಕೆ, ಅದನ್ನು ಸುತ್ತುತ್ತಿದ್ದವರು ತಾಯಿ. ಅವರ ಮಣಿಕಟ್ಟು ಸೋತುಹೋಗಿ, ರಾಟೆಯ ಮುಂದೆ ಈಗ ಮಗಳು.

ಅತ್ತೆ ಅವರ ಮನೆಗೆ ಹೊರಟಳು. ಹೆಣ್ಣುಮಕ್ಕಳ ವಿದ್ಯೆಯ ಬಗ್ಗೆ ಭಾಷಣ ಕೇಳಬೇಕಾದೀತೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಅವಳೋ ನೇರವಾಗಿ ರಾಟೆಯ ಮುಂದೆ ಕೂತು ಸೆರಗು ಸಿಕ್ಕಿಸಿದಳು. "ಇದನ್ನ ಹೆಂಗ ಸುತ್ತೂದು? ಕಲಿಸ್ರಿ."

"ನಿಮಗ್ಯಾಕ್ರೀ ಅಕ್ಕಾರ ಇದು?" ಎಂದರು ತಂದೆ.

"ನಾ ಸುತ್ತತೇನಿ, ಅಕಿ ಸಾಲಿಗಿ ಹೋಗಲಿ. ನನಗೇನ ಬ್ಯಾರೆ ಕೆಲಸ ಐತಿ?"

ಮನೆಗೆ ಬಂದ ಹಿರಿಯಳಿಗೆ ಬೇಡ ಎನ್ನುವುದು ಹೇಗೆ? ಸವಿತಾಳೇ ಗುರುವಾದಳು. ಗಂಟೆಯೊಳಗೆ ನೂಲು ಹನ್ನೊಂದು ಸಲ ಹರಿಯಿತು.

"ಅಕ್ಕಾರ, ನಿಮಗ ಖರೇನ ಏನೂ ಗೊತ್ತಿಲ್ರಿ!"

"ಹೇಳಿದ್ನಿಲ್ಲೇನ ಮೊದಲ!"

ಸೋಮವಾರದಿಂದ ಸವಿತಾ ಶಾಲೆಗೆ, ಅತ್ತೆ ರಾಟೆಗೆ. ಸಂಜೆ ಬಂದವಳೇ, "ಇವತ್ತ ಇಪ್ಪತ್ತ ಕಂಡಿಕಿ!" ಎಂದು ಘೋಷಣೆ. ಪದಕವೊಂದು ಬಾಕಿ.

ಒಂದು ಬೆಳಗ್ಗೆ, ಅವಳು ಅಲ್ಲಿ ಮರೆತು ಬಂದ ಕನ್ನಡಕ ತರಲು ನಾನೇ ಹೋದೆ. ಮಗ್ಗ ಇನ್ನೂ ಶುರುವಾಗಿರಲಿಲ್ಲ. ಸವಿತಾಳ ತಂದೆ ರಾಟೆಯ ಮುಂದೆ ಕೂತು ಅತ್ತೆಯ ಕಂಡಿಕೆಗಳನ್ನು ಒಂದೊಂದಾಗಿ ಬಿಚ್ಚಿ, ಬಿಗಿಯಾಗಿ ಮತ್ತೆ ಸುತ್ತುತ್ತಿದ್ದರು.

ಕೇಳದೆ ಇರಲಾಗಲಿಲ್ಲ. "ಅದರಾಗ ಬರೋಬ್ಬರಿ ಇದ್ದದ್ದು ಎಷ್ಟರೀ?"

"ಒಂದೂ ಇಲ್ರಿ." ನಕ್ಕರು. "ಸಡ್ಲ ಸುತ್ತತಾರ. ಲಾಳಿಯೊಳಗ ಹಾಕಿದ್ರ ಎಳಿ ಗುಂಪಾಗಿ ಕಳಚತಾವು."

"ಮತ್ತ ಬ್ಯಾಡ ಅನ್ನಬೇಕಿಲ್ರಿ?"

ರಾಟೆ ಒಂದು ಸುತ್ತು ತಿರುಗಿತು. "ಮೊದಲನೇ ದಿನ ಇವನ್ನ ಬಿಚ್ಚಿ ಸುತ್ತುವಾಗ ಹೊಳೀತ್ರಿ, ಒಂದ ತಾಸು ಮೊದಲ ಎದ್ರ ಇದು ನಾನ ಮಾಡೂ ಕೆಲಸ. ಮಗಳನ್ನ ಸಾಲಿ ಯಾಕ ಬಿಡಿಸಿದ್ನಿ? ಇನ್ನ ಅಕ್ಕಾರು..." ಅಡುಗೆಮನೆಯಲ್ಲಿದ್ದ ಹೆಂಡತಿಯತ್ತ ನೋಡಿ ದನಿ ತಗ್ಗಿಸಿದರು. "ದಿನಾ ಈಕಿಗಿ ನೂರಾಎಂಟು ಪ್ರಶ್ನಿ ಕೇಳತಾರ. ಈಕಿ ನಕ್ಕೋಂತ ಹೇಳತಾಳ. ಇಷ್ಟ ವರ್ಷದಾಗ ನಾ ಒಂದೂ ಕೇಳಿರಲಿಲ್ರಿ. ಅವರಿಗಿ ಹೇಳಬ್ಯಾಡ್ರಿ, ಬರೂದು ಬಿಟ್ಟಾರು."

ನಮ್ಮ ಮನೆಯ ಬಾಗಿಲಲ್ಲೇ ಅತ್ತೆ ಕಾದಿದ್ದಳು. "ಏನಂದ್ರಬೇ? ನನ್ನ ಕಂಡಿಕಿ ಛಲೋ ಅದಾವಂತೇನ?"

ನಾನು ಅವಳ ಕನ್ನಡಕವನ್ನು ಓಢಣಿಯಿಂದ ನಿಧಾನವಾಗಿ ಒರೆಸಿ ಕೈಗಿಟ್ಟೆ. "ಎಲ್ಲಾ ಉಪಯೋಗಕ್ಕ ಬಂದಾವಂತ" ಎಂದೆ. ಅಷ್ಟು ಹೇಳಿ ಡಬ್ಬಿ ಮುಚ್ಚಿದೆ.