ಸೊಂಟದ ಬೆಲ್ಟೂ ಹಾಲ್ ಪರಿಣಾಮವೂ

ಎಲ್ಲದಕ್ಕೂ ಮೂಲ ಆ ಬೆಲ್ಟು. ಅವನ ಸೊಂಟನೋವಿಗೆಂದು ಹೆಂಡತಿ ತರಿಸಿದ್ದು. ಸುತ್ತಲೂ ಹನ್ನೆರಡು ಅಯಸ್ಕಾಂತ. "ಸಂಜೆಗೆ ಮುಂಚೆ ಬಿಚ್ಚಿದ್ರೆ ನನ್ನಾಣೆ" ಎಂದು ಬಿಗಿದು ಕಳಿಸಿದ್ದಳು.

ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಯಂತ್ರಗಳ ರಿಪೇರಿ ನೋಡಿಕೊಳ್ಳುವ ಅವನನ್ನು ಎಲ್ಲರೂ ಕರೆಯುವುದು ತಂತಿ ಎಂದೇ. ಹನ್ನೊಂದು ವರ್ಷದಿಂದ ಹಂಗಾಮಿ. ಇವತ್ತು ತಪಾಸಣೆಗೆ ಬರುವ ಸಾಹೇಬರು ಮನಸ್ಸು ಮಾಡಿದರೆ ಕೆಲಸ ಕಾಯಂ. ಅವರಿಗೆ ತೋರಿಸಬೇಕಾದದ್ದು ಹಾಲ್ ಪರಿಣಾಮ: ತೆಳು ಪಟ್ಟಿಯ ಉದ್ದಕ್ಕೆ ಕರೆಂಟು ಹರಿಸಿ ಅಯಸ್ಕಾಂತ ಹಿಡಿದರೆ, ಪಟ್ಟಿಯ ಅಡ್ಡಕ್ಕೆ ಒಂದಿಷ್ಟು ವೋಲ್ಟೇಜು ಹುಟ್ಟಬೇಕು.

ಹುಟ್ಟಲಿಲ್ಲ. ಲ್ಯಾಬಿನ ದೊಡ್ಡ ಅಯಸ್ಕಾಂತದ ಸುರುಳಿ ಸುಟ್ಟು ಕರಕಲಾಗಿತ್ತು.

"ಒಂದೇಟು ಹಾಕ್ರೀ. ನಮ್ಮ ಫ್ಯಾನು ಸರಿಹೋಗಿದ್ದೇ ಹಾಗೆ" ಎಂದರು ಬಾಗಿಲಲ್ಲಿ ಇಣುಕಿದ ಲೈಬ್ರರಿಯವರು.

"ಸುಟ್ಟುಹೋಗಿದೆ ಅಂತ ನಿಜ ಹೇಳಿಬಿಡಿ" ಎಂದರು ಪಕ್ಕದಲ್ಲಿದ್ದ ಕೆಮಿಸ್ಟ್ರಿ ಮೇಡಂ.

"ನಿಜ ಹೇಳಿದ್ರೆ ನನ್ನ ಹೊಟ್ಟೆ ಮೇಲೆ ನಾನೇ ಕಲ್ಲು ಹಾಕ್ಕೊಂಡ ಹಾಗೆ, ಮೇಡಂ!"

ಅಳು ಬರುವುದೊಂದು ಬಾಕಿ. ಪಟ್ಟಿಯನ್ನು ಹೊರಗೆಳೆದು ಮೇಜಿನ ಅಂಚಿನಲ್ಲಿಟ್ಟು ಬಗ್ಗಿ ನೋಡಿದ. ಮೀಟರು ಸೊನ್ನೆಯಿಂದ ಎದ್ದಿತು! ಹಿಂದೆ ಸರಿದ, ಸೊನ್ನೆ. ಮುಂದೆ ಬಂದ, ಮತ್ತೆ ಎದ್ದಿತು. ಅವನ ಕೈ ಮೆಲ್ಲಗೆ ಸೊಂಟಕ್ಕೆ ಹೋಯಿತು. ಹೆಂಡತಿಯ ಮೇಲೆ ಹಿಂದೆಂದೂ ಇಲ್ಲದ ಪ್ರೀತಿ ಉಕ್ಕಿತು.

ಸಾಹೇಬರು ಬಂದಾಗ ತಂತಿ ಮೇಜಿಗೆ ಹೊಟ್ಟೆ ಅಂಟಿಸಿಕೊಂಡೇ ನಿಂತಿದ್ದ.

"ಭೇಷ್! ವೋಲ್ಟೇಜ್ ಬರ್ತಿದೆಯಲ್ಲ. ಈಗ ಅಯಸ್ಕಾಂತದ ದಿಕ್ಕು ಬದಲಾಯಿಸಿ. ಮೈನಸ್ ಬರ್ಬೇಕು."

"ಒಂದೇ ನಿಮಿಷ ಸರ್, ಸ್ವಿಚ್ ಅಲ್ಲಿದೆ" ಎಂದು ತಂತಿ ಬೀರುವಿನ ಹಿಂದೆ ನುಗ್ಗಿ, ಅಂಗಿ ಎತ್ತಿ, ಬೆಲ್ಟು ಬಿಚ್ಚಿ, ಒಳಹೊರಗು ಮಾಡಿ ಕಟ್ಟಿಕೊಂಡ. ಹೆಂಡತಿಯ ಆಣೆ ನೆನಪಾಗಿ ಮನಸ್ಸಿನಲ್ಲೇ ಕ್ಷಮೆ ಕೇಳಿದ. ಏದುಸಿರು ಬಿಡುತ್ತ ಬಂದು ಮೇಜಿಗೆ ಅಂಟಿಕೊಂಡ. ಮೈನಸ್!

ಸಾಹೇಬರು ಖುಷಿಯಾಗಿ ಫೈಲು ಬಿಚ್ಚಿದರು.

"ನಾಲ್ಕು ಕಾಲೇಜು ನೋಡ್ದೆ ಕಣ್ರೀ, ಎಲ್ಲಾ ಕಡೆ ಈ ಯಂತ್ರ ಕೆಟ್ಟು ಕೂತಿದೆ. ಅದಕ್ಕೇ ಯಂತ್ರ ಕೆಟ್ಟಿರೋ ಕಡೆ ರಿಪೇರಿಯವರನ್ನ ಕಾಯಂ ಮಾಡಿ ಅಂತ ಆರ್ಡರ್ ಆಗಿದೆ. ನಿಮ್ಮಲ್ಲಿ ಆ ತಾಪತ್ರಯವೇ ಇಲ್ಲ!" ಎಂದು 'ಕಾಯಂ ಹುದ್ದೆ ಅನಗತ್ಯ' ಎಂದು ಬರೆದು ಸಹಿ ಹಾಕಿದರು.

ಕೆಮಿಸ್ಟ್ರಿ ಮೇಡಂ ಕಿಟಕಿಯಾಚೆ ನೋಡಿದರು.

ಸಂಜೆ ಹೆಂಡತಿ ಬಾಗಿಲಲ್ಲೇ ಕೇಳಿದಳು: "ಸೊಂಟ ಹೇಗಿದೆ?"

"ಹಾಗೇ ಇದೆ" ಎಂದ ತಂತಿ, ಕುರ್ಚಿಗೆ ಕುಸಿಯುತ್ತ. "ಬೆಲ್ಟು ಮಾತ್ರ ಬಹಳ ಚೆನ್ನಾಗಿದೆ."