ಏಳನೇ ಮೇಜಿನ ಗೈರುಹಾಜರಿ

ನಾಲಾ ನೀರು ಹಂಚಿಕೆ ದಾಖಲೆ ಮಂಡಳಿಯ ತಿ. ನರಸೀಪುರ ಶಾಖೆಯಲ್ಲಿ ಗುತ್ತಿಗೆ ಆಧಾರದ ಮೇಲೆ ಟೈಪಿಸ್ಟ್ ಆಗಿರುವ ಶ್ರೀಮತಿ ಸುನೀತಾ ಅವರು ಜೂನ್ ತಿಂಗಳ ಮೂರನೇ ತಾರೀಖಿನಿಂದ ಕಚೇರಿಗೆ ಅನಧಿಕೃತವಾಗಿ ಗೈರುಹಾಜರಾಗಿರುತ್ತಾರೆ. ಸದರಿ ಅವಧಿಯಲ್ಲಿ ಅವರು ಪ್ರತಿದಿನ ಬೆಳಿಗ್ಗೆ ಒಂಬತ್ತು ಮುಕ್ಕಾಲಿಗೆ ಬಂದು, ಏಳನೇ ನಂಬರಿನ ಮೇಜಿನಲ್ಲಿ ಕೂತು ಕೆಲಸ ಮಾಡಿ, ಸಂಜೆ ಐದೂವರೆಗೆ ಎದ್ದು ಹೋಗಿರುತ್ತಾರೆ. ಈ ಎರಡು ಸಂಗತಿಗಳ ನಡುವೆ ಯಾವುದೇ ವಿರೋಧ ಕಂಡುಬರುವುದಿಲ್ಲವೆಂದು ಮಂಡಳಿ ಲಿಖಿತವಾಗಿ ತಿಳಿಸಿದೆ.

ಇದು ಯಾವ ಮಂಡಳಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಂಜನಗೂಡಿನಲ್ಲಿ ಅದರ ಕೇಂದ್ರ ಕಚೇರಿ, ನರಸೀಪುರದಲ್ಲಿ ಶಾಖೆ. ನಾಲೆಯಲ್ಲಿ ನೀರು ಬಂದರೆ ಬಂತು ಅಂತ, ಬರದಿದ್ದರೆ ಬರಲಿಲ್ಲ ಅಂತ ಬರೆದಿಡುವುದು ಅದರ ಕೆಲಸ. ಗದ್ದೆಯವರಿಗೆ ಮಂಡಳಿ ಬರೆಯುವ ಮುಂಚೆಯೇ ವಿಷಯ ಗೊತ್ತಿರುತ್ತದೆ, ಅದು ಬೇರೆ ಮಾತು. ಕಾಗದದಲ್ಲಿ ಸುನೀತಾ 'ಅವರು'. ನಾವು 'ಅವಳು' ಅನ್ನೋಣ, ಸೋಸಲೆಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಬರುವ ಹೆಣ್ಣುಮಗಳು.

ಮೊದಲು ಅವಳದು ಮೂರನೇ ಮೇಜು. ಜೂನ್ ಎರಡರಂದು ಚಾವಣಿಯ ಗಾರೆ ಅವಳ ಕೀಲಿಮಣೆಯ ಮೇಲೆ ಉದುರಿತು. ಸಹಾಯಕ ನಿರ್ದೇಶಕ ಚಿಕ್ಕಸ್ವಾಮಿಯವರು, ಗಾರೆ ಹಾಕಿಸುವುದಕ್ಕಿಂತ ಟೈಪಿಸ್ಟನ್ನು ಸ್ಥಳಾಂತರಿಸುವುದು ಸುಲಭ ಅಂತ ಕಂಡು, ಅವಳನ್ನು ಏಳನೇ ಮೇಜಿಗೆ ಹಾಕಿ ಆದೇಶ ಹೊರಡಿಸಿದರು. ಆ ಮೇಜು ಅಧೀಕ್ಷಕ ಶಿವಸ್ವಾಮಿಯವರು ನಿವೃತ್ತರಾದ ಮೇಲೆ ಖಾಲಿ ಬಿದ್ದಿತ್ತು. ಮಾರನೇ ದಿನ ಸುನೀತಾ ಹಾಜರಿ ಹಾಕಲು ಕಂಪ್ಯೂಟರ್ ತೆರೆದರೆ, 'ಸಂಪರ್ಕವಿಲ್ಲ' ಅಂತ ಬಂತು.

ಮಂಡಳಿಯ ಹಾಜರಿ ನಿಯಮ ಬಲು ಕಟ್ಟುನಿಟ್ಟು. ಅವರವರ ಮೇಜಿನ ಕಂಪ್ಯೂಟರಿನಿಂದ ಅವರವರೇ ಹಾಕಬೇಕು. ಹಿಂದೆ ಒಬ್ಬ ಮಹಾನುಭಾವ ಹನ್ನೊಂದು ಜನರ ಹಾಜರಿಯನ್ನು ಒಬ್ಬನೇ ಹಾಕಿ ಸಿಕ್ಕಿಬಿದ್ದಿದ್ದ, ಅದಕ್ಕೇ ಈ ನಿಯಮ. ಮೇಜು ಬದಲಾಯಿಸಿದ ಆರು ತಿಂಗಳೊಳಗೆ ಮತ್ತೆ ಬದಲಾಯಿಸುವಂತಿಲ್ಲ. ಗುತ್ತಿಗೆ ನೌಕರರು ಸತತ ಅರವತ್ತು ದಿನ ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ. ಸುನೀತಾಳಿಗೆ ಈ ನಿಯಮಗಳೆಲ್ಲ ಬಾಯಿಪಾಠ, ಟೈಪ್ ಮಾಡಿದ್ದೇ ಅವಳು. ಇನ್ನು ಐವತ್ತೊಂಬತ್ತು ದಿನ ಇದೆ ಅಂತ ಅವಳು ಅವತ್ತೇ ಎಣಿಸಿಕೊಂಡಳು.

ಎಂಟನೇ ದಿನ ನಂಜನಗೂಡಿನ ಕಚೇರಿಯಿಂದ ಅಮೃತೇಶ ಬಂದ. ಎರಡೂ ಕಚೇರಿಗಳ ಕಂಪ್ಯೂಟರ್ ರಿಪೇರಿ ಅವನದೇ, ತಾಂಡವಪುರದವನು, ಕೆಲಸ ಬಲ್ಲವನು. ಕಚೇರಿಯ ಮೂಲೆಯಲ್ಲಿ, ಎಲ್ಲ ಕಂಪ್ಯೂಟರುಗಳ ವೈರು ಬಂದು ಸೇರುವ ಇಪ್ಪತ್ನಾಲ್ಕು ತೂತಿನ ಒಂದು ಕಬ್ಬಿಣದ ಡಬ್ಬಿ ಇದೆ. ಅದನ್ನು ಸ್ವಿಚ್ ಅನ್ನುತ್ತಾರೆ. ಸಂಪರ್ಕ ಇರುವ ತೂತಿನ ಮೇಲೆ ಹಸಿರು ದೀಪ ಮಿಣಮಿಣ ಅನ್ನುತ್ತದೆ, ಏಳನೆಯದರ ಮೇಲೆ ಕತ್ತಲೆ. ಅಮೃತೇಶ ವೈರು ಎಳೆದು ನೋಡಿದ, ಲ್ಯಾಪ್‌ಟಾಪು ಚುಚ್ಚಿ ಅರ್ಧ ಗಂಟೆ ಕುಟ್ಟಿದ.

"ಅಕ್ಕ, ವೈರ್ ಸರಿಯಾಗದೆ. ಈ ತೂತನ್ನ ಸ್ವಿಚ್ ಒಳಗಡೆಯಿಂದ್ಲೇ ಬಂದ್ ಮಾಡವ್ರೆ. ಒಳಕ್ಕೋಗಿ ಎರಡು ಸಾಲು ಟೈಪ್ ಮಾಡುದ್ರೆ ತೆಕ್ಕತದೆ."

"ಹೋಗಪ್ಪ ಮತ್ತೆ, ಯಾರು ಬೇಡ ಅಂದ್ರು?"

"ಅದೇ ಬುಡ್ತಾ ಇಲ್ಲ ಕಣಕ್ಕ. ಕೂಗುದ್ರೆ 'ಓ' ಅಂತದೆ, ಬಾಗ್ಲು ತೆಗಿ ಅಂದ್ರೆ ತೆಗಿಯಲ್ಲ."

"ಬೇರೆ ತೂತಿಗೆ ಚುಚ್ಚೋದಲ್ವಾ?"

"ಹನ್ನೊಂದು ತುಂಬವೆ. ನಿನ್ ಹಳೇ ಮೂರ್ನೇದು ಗಾರೆ ಬಿದ್ದ ದಿನ್ವೇ ಸುಟ್ಟೋಗದೆ. ಮಿಕ್ಕಿದ್ದಕ್ಕೆಲ್ಲ ಹಿಂಗೇ ಬೀಗ."

ಡಬ್ಬಿಯ ಹಿಂಬದಿ ತಡಕಿದಾಗ ಒಂದು ಚೀಟಿ ಸಿಕ್ಕಿತು. 'ಈ ಸ್ವಿಚ್ಚಿನೊಳಗೆ ನಲವತ್ತೈದನೇ ನಂಬರಿನ ಕಂಪ್ಯೂಟರಿನಿಂದ ಹೊರತು ಅನ್ಯರು ಪ್ರವೇಶಿಸತಕ್ಕದ್ದಲ್ಲ. – ಶಿವಸ್ವಾಮಿ, ಅಧೀಕ್ಷಕರು.' ಲೈನಿನಲ್ಲಿ ಪ್ರತಿ ಕಂಪ್ಯೂಟರಿಗೂ ಒಂದು ನಂಬರು ಕೊಟ್ಟಿರುತ್ತಾರೆ, ಸ್ವಿಚ್ಚು ಅದನ್ನು ನೋಡಿಯೇ ಗುರುತು ಹಿಡಿಯುತ್ತದೆ. ಶಿವಸ್ವಾಮಿಯವರು ಮೈಸೂರಿನಲ್ಲಿ ಮೂರು ದಿನದ ತರಬೇತಿ ಮುಗಿಸಿ ಬಂದವರೇ ಸ್ವಿಚ್ಚಿಗೆ ತಾವೇ ಯಜಮಾನರಾಗಿದ್ದರು. ಖಾಲಿ ಮೇಜಿನ ಲೈನೆಲ್ಲ ಬಂದ್ ಮಾಡಿಡುವುದು ಅವರ ಶಿಸ್ತು. ನಿವೃತ್ತಿಯ ದಿನವೂ ಅವರು ಆ ಶಿಸ್ತು ಬಿಡದೆ ತಮ್ಮ ಲೈನನ್ನೂ ತಾವೇ ಮುಚ್ಚಿ ಹೋಗಿದ್ದರು. ಅವರ ನಲವತ್ತೈದನೇ ನಂಬರಿನ ಕಂಪ್ಯೂಟರು ಹರಾಜಾಗಿ ತಾಂಡ್ಯದ ಗುಜರಿ ಸೇರಿತ್ತು.

ಅಮೃತೇಶ ಚಿಕ್ಕಸ್ವಾಮಿಯವರ ಕೋಣೆಗೆ ಹೋದ. "ಸಾ, ನನ್ ಲ್ಯಾಪ್‌ಟಾಪಿಗೇ ಆ ನಲವತ್ತೈದು ನಂಬರ್ ಕೊಟ್ಟು ಒಳಕ್ಕೋಯ್ತೀನಿ. ಎರಡೇ ನಿಮಿಷ. ಪಾಸ್‌ವರ್ಡ್ ಅವರನ್ನ ಕೇಳ್ಕೊಂಡ್ರಾಯ್ತು."

ಚಿಕ್ಕಸ್ವಾಮಿಯವರು ಕನ್ನಡಕ ತೆಗೆದಿಟ್ಟರು. "ಆ ನಂಬರ್ ಶಿವಸ್ವಾಮಿಯವರಿಗೆ ಮಂಜೂರಾಗಿರೋದು ಕಣಯ್ಯ, ಆದೇಶ ಇದೆ. ಅವರ ನಂಬರ್ ನೀನು ಹಾಕ್ಕೊಂಡ್ರೆ ಅದು ಸೋಗು. ನಾಳೆ ಯಾವನಾದ್ರೂ ಅರ್ಜಿ ಹಾಕಿ ಕೇಳಿದ್ರೆ ನಾನು ಏನಂತ ಬರೀಲಿ?"

"ಹಂಗಾರೆ ಪಾಸ್‌ವರ್ಡೇ ಅಳುಸ್ಬುಡ್ತೀನಿ ಸಾ. ಸ್ವಿಚ್ ಆಫ್ ಮಾಡಿ, ಮುಂದ್ಗಡೆ ಬಟನ್ ಒತ್ಕಂಡು ಆನ್ ಮಾಡುದ್ರಾಯ್ತು. ಹದಿನೈದು ನಿಮಿಷ ಲೈನ್ ಓಯ್ತದೆ ಅಷ್ಟೇ."

ಲೈನ್ ಹೋಗುತ್ತದೆ ಅಂದದ್ದೇ ತಡ, ಕಚೇರಿಯಲ್ಲಿದ್ದ ನಾಲ್ಕೂ ಜನ ಎದ್ದು ನಿಂತರು. ಇಲ್ಲೊಂದು ವಿಷಯ ಹೇಳಬೇಕು. ಒಮ್ಮೆ ಹಾಜರಿ ಹಾಕಿದ ಕಂಪ್ಯೂಟರು, ಲೈನು ಕಡಿಯುವವರೆಗೂ ಅದೇ ನೌಕರನನ್ನು ಹಾಜರ್ ಅಂತ ತೋರಿಸುತ್ತಲೇ ಇರುತ್ತದೆ. ಕರೆಂಟು ಹೋದರೂ ಇರಲಿ ಅಂತ ದೊಡ್ಡ ಬ್ಯಾಟರಿ ಬೇರೆ ಇಡಿಸಿದ್ದರು. ಹಿರಿಯ ಗುಮಾಸ್ತ ಮಲ್ಲಯ್ಯನವರು ಸಂಕ್ರಾಂತಿಯಿಂದ ಹಗಲೂ ರಾತ್ರಿ ಹಾಜರಿದ್ದಾರೆ, ಭಾನುವಾರ ಕೂಡ. ಖುದ್ದು ಅವರು ಬನ್ನೂರಿನಲ್ಲಿ ಸೈಟು ತೋರಿಸುವ ವ್ಯವಹಾರದಲ್ಲಿದ್ದಾರೆ. ಹೀಗೆ ಹಾಜರಿರುವ ಹನ್ನೊಂದು ಜನರಲ್ಲಿ ಏಳು ಜನ ಊರಲ್ಲೇ ಇಲ್ಲ. ಲೈನ್ ಕಡಿದರೆ ಅಷ್ಟೂ ಜನ ಮೈಕೈ ಸಮೇತ ಬಂದು ಹಾಜರಿ ಹಾಕಬೇಕು!

"ಒಬ್ಬಳಿಗೋಸ್ಕರ ಹನ್ನೊಂದು ಜನರ ಹೊಟ್ಟೆ ಮೇಲೆ ಹೊಡೀತೀಯೇನಯ್ಯ?" ಅಂದರು ಚಿಕ್ಕಸ್ವಾಮಿಯವರು. ಅವರದೂ ಮಾರ್ಚಿನಿಂದ ಉರಿಯುತ್ತಿದ್ದ ಲೈನು. ಅಮೃತೇಶ ವೈರು ಸುತ್ತಿಕೊಂಡು ಹೊರಟ.

ಹದಿನೈದನೇ ದಿನ, ಗೈರುಹಾಜರಾದ ಸುನೀತಾಳಿಗೆ ನೋಟೀಸು ಕಳಿಸಬೇಕಾಯಿತು. ಕಚೇರಿಯಲ್ಲಿ ಟೈಪಿಂಗ್ ಬರುವವಳು ಅವಳೊಬ್ಬಳೇ. 'ತಾವು ಎಲ್ಲಿರುವಿರೆಂಬುದು ಕಚೇರಿಗೆ ತಿಳಿದುಬಂದಿರುವುದಿಲ್ಲ' ಅಂತ ಚಿಕ್ಕಸ್ವಾಮಿಯವರು ಅವಳ ಪಕ್ಕದಲ್ಲಿ ನಿಂತು ಹೇಳಿದರು, ಅವಳು ಟೈಪ್ ಮಾಡಿ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಪಕ್ಕದ ಮೇಜಿನಲ್ಲಿ ಪ್ರಿಂಟ್ ತೆಗೆದು, ಲಕೋಟೆಗೆ ಅಂಟು ಹಚ್ಚಿದಳು. ನೋಟೀಸು ಸೋಸಲೆಗೆ ಹೋಗಿ ಅವಳ ಅತ್ತೆ ಜವರಮ್ಮನ ಕೈಗೆ ಸಿಕ್ಕಿತು. ಓದಿ ಹೇಳಿದವನು ಪೋಸ್ಟ್‌ಮ್ಯಾನ್.

"ಏನವ್ವ ಸುನೀತಾ, ಬುತ್ತಿ ಕಟ್ಕಂಡು ದಿನಾ ಎಲ್ಲಿಗೋಯ್ತಿದ್ದೀಯೆ? ಆಫೀಸ್ಗೆ ನೀನು ಬತ್ತಾನೇ ಇಲ್ವಂತೆ!"

"ಆಫೀಸಿಗೇ ಹೋಗ್ತಿದ್ದೀನಿ ಅತ್ತೆ."

"ಸರ್ಕಾರದೋರು ಸೀಲ್ ಒಡ್ದು ಬರ್ದವ್ರೆ. ಅವ್ರು ಸುಳ್ಳೇಳಾರಾ?"

ಜವರಮ್ಮ ಕೆಟ್ಟವಳಲ್ಲ, ಆದರೆ ಸೀಲಿನ ಮುಂದೆ ಸೊಸೆಯ ಮಾತು ನಿಲ್ಲುತ್ತದೆಯೇ? ಆ ರಾತ್ರಿ ಸುನೀತಾ ಊಟ ಮಾಡಲಿಲ್ಲ. ಸಂಬಳ ನಿಲ್ಲುವ ಭಯಕ್ಕಿಂತ ಆ ಮಾತೇ ಅವಳ ಎದೆಗೆ ಚುಚ್ಚಿತ್ತು.

ಮಾರನೇ ದಿನ, ಶಿವಸ್ವಾಮಿಯವರನ್ನು ಕಂಡು ಬರುತ್ತೇನೆ, ಒಂದು ದಿನ ರಜೆ ಕೊಡಿ ಅಂತ ಕೇಳಿದಳು. "ಗೈರುಹಾಜರಾದೋರಿಗೆ ರಜೆ ಯಾತಕ್ಕಮ್ಮ? ಹೋಗಿ ಬಾ," ಅಂದರು ಚಿಕ್ಕಸ್ವಾಮಿಯವರು ಉದಾರವಾಗಿ.

ಸೋಮನಾಥಪುರದ ಮನೆಯ ಜಗಲಿಯ ಮೇಲೆ ಶಿವಸ್ವಾಮಿಯವರು ಹುರುಳಿ ಹಸನು ಮಾಡುತ್ತಿದ್ದರು. ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಎಲ್ಲ ಕೇಳಿಸಿಕೊಂಡು ಮೊರ ಕೆಳಗಿಟ್ಟರು.

"ಪಾಸ್‌ವರ್ಡ್ ನೆನಪಿದೆಯವ್ವ, ಮರೆಯೋಕಾಗುತ್ತಾ? ಆದ್ರೆ ನಾನಿನ್ನೂ ರಿಟೈರಾಗಿಲ್ಲ."

"ಎರಡು ವರ್ಷ ಆಯ್ತಲ್ಲ ಸಾರ್!"

"ಬೀಳ್ಕೊಡುಗೆ ಆಗದೋನು ಹೆಂಗವ್ವ ರಿಟೈರಾಗ್ತಾನೆ? ಅವತ್ತು ಶಾಲು ತಂದಿದ್ರು, ಹಾರ ತಂದಿದ್ರು, ಮೈಸೂರು ಪೇಟನೂ ತಂದಿದ್ರು. ಅಷ್ಟರಲ್ಲಿ ನಂಜನಗೂಡಿನಿಂದ ತಪಾಸಣೆ ಸಾಹೇಬ್ರು ಬಂದ್ಬಿಟ್ರು. ಎಲ್ಲಾ ಅವರಿಗೆ ಹಾಕ್ಬಿಟ್ರು. ನಾನು ಚಪ್ಪಾಳೆ ತಟ್ಟಿ ಬಸ್ ಹತ್ತಿ ಬಂದೆ." ಅವರು ಕೊರಳ ಚೀಟಿಯನ್ನು ಪಂಚೆಯ ಚುಂಗಿನಿಂದ ಒರೆಸಿಕೊಂಡರು. "ಮೂವತ್ತಾರು ವರ್ಷ ಸರ್ವೀಸು. ಪೇಟ ಹಾಕ್ಲಿ, ಆಮೇಲೆ ಪಾಸ್‌ವರ್ಡ್."

ಸುನೀತಾಳಿಗೆ ಅಯ್ಯೋ ಪಾಪ ಅನ್ನಿಸಿತು. ಅಂಥ ಗಂಡಾಂತರದಲ್ಲೂ ಇನ್ನೊಬ್ಬರಿಗೆ ಪಾಪ ಅನ್ನುವ ಕೆಟ್ಟ ಚಾಳಿ ಅವಳಿಗೆ ಮೊದಲಿಂದಲೂ ಇತ್ತು.

ಬೀಳ್ಕೊಡುಗೆಗೆ ಅನುಮತಿ ಕೋರಿ ನಂಜನಗೂಡಿಗೆ ಪತ್ರ ಹೋಯಿತು. ಸದರಿ ಅಧಿಕಾರಿಯ ಬೀಳ್ಕೊಡುಗೆ ಎರಡು ವರ್ಷದ ಹಿಂದೆಯೇ ವಿಜೃಂಭಣೆಯಿಂದ ನೆರವೇರಿರುವುದಾಗಿ ವರದಿ ಇದೆ, ಒಬ್ಬರನ್ನು ಎರಡು ಸಲ ಬೀಳ್ಕೊಡಲು ಅವಕಾಶವಿಲ್ಲ ಅಂತ ಉತ್ತರ ಬಂತು. ಮತ್ತೆ ಪತ್ರ, ಮತ್ತೆ ಉತ್ತರ. ಎರಡೂ ಕಚೇರಿಗಳ ನಡುವೆ ಗಂಟೆಯ ಹಾದಿ. ಪತ್ರಕ್ಕೆ ಮಾತ್ರ ಐದಾರು ದಿನ ಹಿಡಿಯುತ್ತಿತ್ತು. ಕೊನೆಗೆ 'ಪೂರಕ ಬೀಳ್ಕೊಡುಗೆ' ಎಂಬ ಹೊಸ ಬಾಬತ್ತು ಸೃಷ್ಟಿಸಿ ಒಪ್ಪಿಗೆ ಸಿಕ್ಕಿದಾಗ ನಲವತ್ತೊಂದನೇ ದಿನ. ಪತ್ರಗಳನ್ನೆಲ್ಲ ಟೈಪ್ ಮಾಡಿದವಳು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ನಲವತ್ತನಾಲ್ಕನೇ ದಿನ ಸಮಾರಂಭ. ಹಾಜರಿದ್ದ ಹನ್ನೊಂದು ಜನರೂ ಅವತ್ತು ನಿಜವಾಗಿಯೂ ಬಂದರು, ಊಟ ಇತ್ತಲ್ಲ. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಆದವು. ಶಿವಸ್ವಾಮಿಯವರು ಒಂದು ಗಂಟೆ ನಲವತ್ತು ನಿಮಿಷ ಮಾತಾಡಿ, ಕಣ್ಣೊರೆಸಿಕೊಂಡು, ಪೇಟ ಸರಿಮಾಡಿಕೊಂಡು ಸ್ವಿಚ್ಚಿನ ಕಡೆ ನಡೆದರು. ಅಮೃತೇಶ ಲ್ಯಾಪ್‌ಟಾಪ್ ಬಿಚ್ಚಿಟ್ಟಿದ್ದ. ಸುನೀತಾ ಏಳನೇ ಮೇಜಿನ ಮುಂದೆ ಹೋಗಿ ಕೂತಿದ್ದಳು.

"ನಿಲ್ಲಿ ನಿಲ್ಲಿ," ಅಂದರು ಚಿಕ್ಕಸ್ವಾಮಿಯವರು. "ಈಗ ತಾನೇ ಬೀಳ್ಕೊಟ್ಟಿದ್ದೀವಲ್ಲ ಸ್ವಾಮಿ. ಹೊರಗಿನೋರು ಸ್ವಿಚ್ ಮುಟ್ಟೋ ಹಾಗಿಲ್ಲ."

ಪೇಟ ಹಾಕುವ ಮುಂಚೆಯೇ ಮುಟ್ಟಿದ್ದರೆ? ಆಗ ಅವರು ಮುಟ್ಟಲು ಒಪ್ಪುತ್ತಿರಲಿಲ್ಲ. ಈಗ ಒಪ್ಪಿದ್ದಾರೆ, ಆಗ ಇದ್ದ ಅಧಿಕಾರ ಹೋಗಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ಎಲ್ಲರೂ ಬೇಳೆ ಒಬ್ಬಟ್ಟು ತಿನ್ನುತ್ತಾ ಯೋಚಿಸಿ, ಅವರನ್ನು ಮಂಡಳಿಯ 'ಗೌರವ ಸ್ವಿಚ್ ಸಲಹೆಗಾರ'ರನ್ನಾಗಿ ನೇಮಿಸುವಂತೆ ಕೇಂದ್ರ ಕಚೇರಿಗೆ ಬರೆಯುವುದೆಂದು ತೀರ್ಮಾನಿಸಿದರು. ಸುನೀತಾ ಕೈ ತೊಳೆದು ಬಂದು ಟೈಪ್ ಮಾಡಿದಳು.

ನೇಮಕದ ಆದೇಶ ಬಂದದ್ದು ಅರವತ್ತನೇ ದಿನ, ಮಧ್ಯಾಹ್ನ ಹನ್ನೆರಡಕ್ಕೆ. ಸಾಕಷ್ಟು ಹೊತ್ತಿತ್ತು. ಸುನೀತಾ ತಾನೇ ಫೋನ್ ಮಾಡಿದಳು. "ಸಾರ್, ಇವತ್ತು ಕೊನೇ ದಿನ. ಆಟೋ ಕಳುಸ್ತೀನಿ, ನಿಮ್ಮ ಕಾಲಿಗೆ ಬೀಳ್ತೀನಿ, ಬಂದುಬಿಡಿ."

"ಇವತ್ತು ಅಮಾವಾಸ್ಯೆ ಕಣವ್ವ," ಅಂದರು ಶಿವಸ್ವಾಮಿಯವರು. "ಹೊಸ ಹುದ್ದೆಗೆ ಅಮಾವಾಸ್ಯೆ ದಿನ ಕಾಲಿಡ್ತಾರಾ? ನಿನಗೇ ಒಳ್ಳೇದಾಗಲ್ಲ. ನಾಳೆ ಪಾಡ್ಯ, ಬೆಳಿಗ್ಗೆ ಬತ್ತೀನಿ."

ಫೋನಿಟ್ಟು ಅವಳು ಅಳಲಿಲ್ಲ. ಅಮಾವಾಸ್ಯೆ ದಿನ ಹೊಸ ಕೆಲಸಕ್ಕೆ ಅವಳೂ ಹೋಗುತ್ತಿರಲಿಲ್ಲ, ಅದೇ ಸಂಕಟ.

ಅರವತ್ತೊಂದನೇ ದಿನ ಬೆಳಿಗ್ಗೆ ಹತ್ತೂವರೆಗೆ ಸಲಹೆಗಾರರು ಪೇಟ ಸಮೇತ ದಯಮಾಡಿಸಿದರು. ಅಮೃತೇಶನ ಲ್ಯಾಪ್‌ಟಾಪಿಗೆ ತಮ್ಮ ನಲವತ್ತೈದನೇ ನಂಬರು ಕೊಡಿಸಿ ಅವರು ಪಾಸ್‌ವರ್ಡ್ ಹಾಕುವಾಗ ಸಿಬ್ಬಂದಿ ಎಲ್ಲ ಗೋಡೆಯ ಕಡೆ ತಿರುಗಿ ನಿಂತು ಸಹಕರಿಸಿದರು. ಎರಡು ನಿಮಿಷವೂ ಆಗಲಿಲ್ಲ, ಏಳನೇ ತೂತಿನ ಮೇಲೆ ಹಸಿರು ದೀಪ ಹತ್ತಿತು. ಚಪ್ಪಾಳೆಯೋ ಚಪ್ಪಾಳೆ. ಸುನೀತಾ ಓಡಿಹೋಗಿ ಕಂಪ್ಯೂಟರಿನಲ್ಲಿ ತನ್ನ ಹೆಸರು ಹೊಡೆದಳು. 'ಸಂಪರ್ಕವಿಲ್ಲ' ಅನ್ನುವ ಮಾತು ಹೋಗಿತ್ತು. 'ಸದರಿ ನೌಕರರು ಮಂಡಳಿಯ ಸೇವೆಯಲ್ಲಿರುವುದಿಲ್ಲ' ಅಂತ ಬಂದಿತ್ತು.

ಅಮೃತೇಶ ಪರದೆ ನೋಡಿ "ಥೂ ಇದರವ್ವನ!" ಅಂದು ತಲೆ ತಗ್ಗಿಸಿದ. ಶಿವಸ್ವಾಮಿಯವರು ಮಾತ್ರ, ಲೈನ್ ಸರಿಯಾಗಿದೆಯಲ್ಲ, ಅದು ಮುಖ್ಯ ಅಂದರು. ಖಾಲಿಯಾದ ಮೇಜಿನ ಲೈನು ತೆರೆದಿರಬಾರದಲ್ಲವೇ? ಹಾಗಾಗಿ ಹೊರಡುವ ಮುಂಚೆ ಶಿಸ್ತಾಗಿ ಏಳನೆಯದನ್ನು ಮತ್ತೆ ಬಂದ್ ಮಾಡಿದರು. ಪಾಸ್‌ವರ್ಡು ತಮ್ಮ ಹುದ್ದೆಯ ಜೊತೆಗೇ ಇರತಕ್ಕದ್ದೆಂದು ತಿಳಿಸಿ ಜೀಪು ಹತ್ತಿದರು.

ಸೇವಾಮುಕ್ತಿಯ ಆದೇಶ ಅಂದೇ ಹೊರಡಬೇಕಿತ್ತು. ಚಿಕ್ಕಸ್ವಾಮಿಯವರು ಹೇಳಿದರು, ಸುನೀತಾ ಟೈಪ್ ಮಾಡಿದಳು. 'ಅರವತ್ತು ದಿನಗಳಿಂದ ಕಚೇರಿಯತ್ತ ಸುಳಿಯದಿರುವ' ಅನ್ನುವಲ್ಲಿ ಅವಳ ಬೆರಳು ಒಂದು ಗಳಿಗೆ ನಿಂತಿತು, ಆಮೇಲೆ ಮುಂದುವರಿಯಿತು. ಪ್ರಿಂಟ್ ತೆಗೆದು, ರವಾನೆ ಪುಸ್ತಕದಲ್ಲಿ ನಂಬರು ಹಾಕಿ, ಖುದ್ದು ತಲುಪಿದೆ ಅಂತ ತಾನೇ ಸಹಿ ಮಾಡಿದಳು.

ಚಿಕ್ಕಸ್ವಾಮಿಯವರು ಸಹಿ ಪರಿಶೀಲಿಸಿ ತೃಪ್ತಿಯಿಂದ ತಲೆಯಾಡಿಸಿದರು. "ಆಯ್ತಮ್ಮ. ನಿನ್ನ ಜಾಗಕ್ಕೆ ಬೇರೆಯವರು ಬರೋವರೆಗೆ ಕೆಲಸ ನಿಲ್ಲೋ ಹಾಗಿಲ್ಲ ನೋಡು. ನಾಳೆ ನಂಜನಗೂಡಿನಿಂದ ಸಾಹೇಬ್ರು ಬರ್ತಾರೆ, ಸಿಬ್ಬಂದಿ ಹಾಜರಾತಿ ಬಗ್ಗೆ ವರದಿ ಬೇಕಂತೆ. ಸ್ವಲ್ಪ ಬೇಗ ಬಂದ್ಬಿಡು, ಲೇಟ್ ಮಾಡ್ಬೇಡ."

"ಆಗ್ಲಿ ಸಾರ್," ಅಂದಳು ಸುನೀತಾ. "ಎಂಟೂವರೆ ಬಸ್ಸಿಗೇ ಬರ್ತೀನಿ."