ಗಂಗವ್ವನ ಉಡಿಗೆ ಬಿಳಿ ಗುಳಿಗೆ

ಬರಿಗಣ್ಣಿಗೆ ದರ್ಶನ ಕೊಡದ ಶ್ರೀ ಸೂಕ್ಷ್ಮ ಜಂತು ಮಹಾಶಯರಿಗೆ,
ಕಾಯಂ ವಾಸ: ನಮ್ಮೂರ ಕುಡಿಯುವ ನೀರಿನ ಕೆರೆ, ರೋಣ ತಾಲೂಕು.
ಶ್ರಾವಣ, ೧೯೫೮

ಮಾನ್ಯರೇ,

ತಮ್ಮ ಸಂತಾನ ಕೋಟಿಗಟ್ಟಲೆ ಬೆಳೆದು ಸುಖವಾಗಿದೆಯೆಂದು ರೋಣದ ಡಾಕ್ಟರರಿಂದಲೇ ತಿಳಿದಿರುವುದರಿಂದ ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ನನಗೆ ಉಳಿದಿಲ್ಲ. ನಮ್ಮ ಕಡೆಯ ಕ್ಷೇಮವನ್ನು ತಮಗೆ ತಿಳಿಸುವ ಅಗತ್ಯವೂ ಇಲ್ಲ, ಏಕೆಂದರೆ ಊರಿನ ಅರ್ಧ ಜನರ ಹೊಟ್ಟೆಯೊಳಗೆ ತಾವೇ ಖುದ್ದಾಗಿ ಹೋಗಿ ನೋಡಿಕೊಂಡು ಬಂದಿದ್ದೀರಿ.

ನಾನು ಕನಕಪ್ಪ, ಸಾಲಿ ಬಿಟ್ಟವನು. ಬಿಟ್ಟದ್ದಕ್ಕೂ ತಮ್ಮ ನಿವಾಸಕ್ಕೂ ಸ್ವಲ್ಪ ಸಂಬಂಧವಿದೆ. ನೀರಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ ಎಂದು ಬರೆಯಿರಿ ಎಂದು ಮಾಸ್ತರರು ಹೇಳಿದರು; ನಮ್ಮ ಕೆರೆಯ ನೀರಿಗೆ ಮೂರೂ ಇವೆಯೆಂದು ನಾನು ಬರೆದೆ. ಪುಸ್ತಕದಲ್ಲಿ ಇದ್ದದ್ದನ್ನು ಬರೆ ಎಂದು ಬೆತ್ತ ಎತ್ತಿದರು. ಕೊಡದಲ್ಲಿ ಇದ್ದದ್ದನ್ನು ಬರೆದಿದ್ದೇನೆ ಎಂದು ಹೇಳಿ, ಏಟು ತಿಂದು, ಪಾಟಿ ಅಲ್ಲೇ ಇಟ್ಟು ಬಂದವನು ಮತ್ತೆ ಆ ಹೊಸ್ತಿಲು ತುಳಿದಿಲ್ಲ. ಆದ್ದರಿಂದ ಈ ಪತ್ರದಲ್ಲಿ ಪಾಂಡಿತ್ಯ ಕಡಿಮೆಯಾದರೆ ಕ್ಷಮಿಸಬೇಕು; ಸುಳ್ಳಂತೂ ಇರುವುದಿಲ್ಲ.

ತಮ್ಮ ವಿದ್ಯಾಭ್ಯಾಸದ ಸುದ್ದಿ ಕೇಳಿದಾಗಿನಿಂದ ನನಗೆ ನಾಚಿಕೆಯಾಗಿದೆ. ನಾನು ಏಳು ವರ್ಷ ಮಣ್ಣು ಹೊತ್ತಂತೆ ಪುಸ್ತಕ ಹೊತ್ತು ಏನೂ ಕಲಿಯದೆ ಬಿಟ್ಟೆ; ತಾವು ಕೆಸರಿನಲ್ಲಿ ಕುಳಿತು, ಬೆತ್ತವಿಲ್ಲದೆ, ಪಾಟಿಯಿಲ್ಲದೆ, ಗುಳಿಗೆಯನ್ನು ಸೋಲಿಸುವ ವಿದ್ಯೆಯನ್ನು ಒಂದೇ ವರ್ಷದಲ್ಲಿ ಕಲಿತಿರಿ. ಇಂಥ ಸಾಲಿಯನ್ನು ತಮಗಾಗಿ ತೆರೆದ ಪುಣ್ಯಾತ್ಮರು ನಮ್ಮ ಪಂಚಾಯತಿಯ ಚೇರಮನ್ ಅಂದಾನಪ್ಪನವರು. ಅವರ ಉಪಕಾರವನ್ನು ತಾವು ಮರೆತಿದ್ದರೆ ನೆನಪಿಸುವುದು ನನ್ನ ಕರ್ತವ್ಯ.

ಹೋದ ಶ್ರಾವಣದಲ್ಲಿ ಹೊಸ ನೀರು ಬಂದು ಕೆರೆ ಕೆಂಪಾದಾಗ ಊರಲ್ಲಿ ರಕ್ತಭೇದಿ ಎದ್ದಿತು. ಸರಕಾರ ಬಿಳಿ ಗುಳಿಗೆಗಳ ಡಬ್ಬಿ ಕಳಿಸಿತು. ಎಲ್ಲವನ್ನೂ ತಪ್ಪದೆ ನುಂಗಬೇಕೆಂದು ಕಳಿಸಿದವರು ಹೇಳಿದ್ದರು. ಆದರೆ ನಮ್ಮವರಿಗೆ ಎರಡು ಗುಳಿಗೆ ನುಂಗಿ ಹೊಟ್ಟೆ ನಿಂತಿತೆಂದರೆ ಮೂರನೆಯದು ದಂಡ. ಉಳಿದ ಔಷಧ ಮನೆಯಲ್ಲಿದ್ದರೆ ಹೋದ ಬ್ಯಾನಿ ಅದನ್ನು ಹುಡುಕಿಕೊಂಡು ತಿರುಗಿ ಬರುತ್ತದೆಂಬ ನಂಬಿಕೆಯೂ ಇದೆ. ಅದನ್ನು ನೀರಿಗೆ ಬಿಟ್ಟು ಕೈ ತೊಳೆದುಕೊಳ್ಳುವುದು ಹಳೆಯ ರೂಢಿ. ಚೇರಮನ್ನರು ಈ ರೂಢಿಗೆ ಮೆರವಣಿಗೆಯ ಶೋಭೆ ತಂದರು. ಕೆರೆ ತುಂಬಿದಾಗ ಹೆಣ್ಣುಮಕ್ಕಳು ಗಂಗವ್ವನಿಗೆ ಉಡಿ ತುಂಬುತ್ತಾರಲ್ಲ, ಆ ಹಸಿರು ಕುಬಸದ ಕಣದಲ್ಲಿ, ಅಂದರೆ ರವಿಕೆಯ ಬಟ್ಟೆಯಲ್ಲಿ, ಅಕ್ಕಿ, ಕೊಬ್ಬರಿ, ಅಡಿಕೆಯ ಜೊತೆ ಮನೆಮನೆಯ ಉಳಿದ ಗುಳಿಗೆಗಳನ್ನೂ, ಡಬ್ಬಿಯ ತಳದಲ್ಲಿ ಉಳಿದದ್ದನ್ನೂ ಕಟ್ಟಿಸಿದರು.

"ಒಬ್ಬೊಬ್ಬರಿಗೆ ಕೊಟಗೋತ ಯಾವಾಗ ಮುಗೀಬೇಕು? ಗಂಗವ್ವಗ ಕೊಟ್ರ ಊರಿಗೇ ಕೊಟ್ಟಂಗ. ಬಾವಿಗೆ ಪುಡಿ ಹಾಕೂದಿಲ್ಲೇನು?" ಎಂದು ಅವರು ಕಟ್ಟೆಯ ಮೇಲೆ ನಿಂತು ಕೇಳಿದಾಗ ಹೌದೌದು ಎಂದವರೇ ಎಲ್ಲ. ನಮ್ಮ ನೆರೆಮನೆಯ ಚಮನಬಿ ಒಬ್ಬಳೇ ಕೊಡ ಕೆಳಗಿಟ್ಟು, "ನಾಳೆ ಕೆರಿಗೆ ನೆಗಡಿ ಬಂದ್ರ ಅದರ ತಲಿಗೆ ಕುಲಾಯಿನೂ ಹೊಲಿಸ್ತೀರೇನ್ರಿ?" ಎಂದಳು. ಜನ ನಕ್ಕರು. ನಕ್ಕು, ಉಡಿಯನ್ನು ನೀರಿಗೆ ಬಿಟ್ಟರು.

ಮಾನ್ಯರೇ, ಈ ವರ್ಷ ನನ್ನ ಅಕ್ಕ ಮಾಳವ್ವ ಪಂಚಮಿಗೆಂದು ಲಕ್ಕಲಕಟ್ಟಿಯಿಂದ ತವರಿಗೆ ಬಂದಳು. ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು ಎಂದು ಬಂದವಳು ಮೊದಲು ಕುಡಿದದ್ದು ತವರಿನ ನೀರು. ತಾವು ಅವಳನ್ನು ಸ್ವಾಗತಿಸಿದ ರೀತಿಗೆ ಲಕ್ಕಲಕಟ್ಟಿಯ ಬೀಗರು ಇನ್ನೂ ನಮ್ಮನ್ನು ಬೈಯುತ್ತಿದ್ದಾರೆ. ಸರಕಾರ ಈ ವರ್ಷವೂ ಕಳಿಸಿದ್ದ ಬಿಳಿ ಗುಳಿಗೆ ಕೊಟ್ಟೆವು, ನಾಟಲಿಲ್ಲ. ಮತ್ತೆ ಕೊಟ್ಟೆವು, ನಾಟಲಿಲ್ಲ. ಕಣ್ಣು ಒಳಗೆ ಸೇರಿ, ತುಟಿ ಒಣಗಿ, ಕರೆದರೆ ಓ ಅನ್ನದಂತಾದಾಗ ಕಾಶೀಂಸಾಬನ ಬಂಡಿಯಲ್ಲಿ ಮಲಗಿಸಿಕೊಂಡು ಎರೆಮಣ್ಣಿನ ಕೆಸರಿನಲ್ಲಿ ಗಾಲಿ ನೂಕುತ್ತ ರೋಣಕ್ಕೆ ಒಯ್ದೆವು. ದಾರಿಯುದ್ದಕ್ಕೂ ಅವ್ವ ಅವಳ ಕಾಲು ತಿಕ್ಕುತ್ತಿದ್ದಳು, ನಾನು ತಮ್ಮನ್ನು ಬೈಯುತ್ತಿದ್ದೆ. ಬೈದ ಮಾತುಗಳನ್ನು ಬಹಿರಂಗ ಪತ್ರದಲ್ಲಿ ಬರೆಯಲು ಬರುವುದಿಲ್ಲ.

ನಮ್ಮೂರಿನಿಂದ ಒಬ್ಬರ ಹಿಂದೊಬ್ಬರು ಬರುವುದನ್ನು ನೋಡಿ ಸಂಶಯಪಟ್ಟು, ಡಾಕ್ಟರರು ಮೊದಲೇ ನಮ್ಮ ಕೆರೆಯ ನೀರನ್ನು ಸೀಸೆಯಲ್ಲಿ ತುಂಬಿಸಿ ದೊಡ್ಡ ಊರಿಗೆ ಪರೀಕ್ಷೆಗೆ ಕಳಿಸಿದ್ದರಂತೆ. ಆ ನೀರಿನಲ್ಲಿದ್ದ ತಾವು ಬಿಳಿ ಗುಳಿಗೆಗೆ ಬಗ್ಗುವವರಲ್ಲ ಎಂದು ಅಲ್ಲಿಂದ ತಿಳಿದುಬಂದಿತ್ತು. ನಾನು ಉಡಿಯ ಕಥೆ ಹೇಳಿದಾಗ ಡಾಕ್ಟರರು ಹಣೆ ಹಿಡಿದುಕೊಂಡು ಕುಳಿತರು.

"ತಮ್ಮಾ, ನೀರಿಗೆ ಒಗದದ್ದಕ್ಕಿಂತ ಹೊಟ್ಟಿಗೆ ಅರ್ಧಾ ಹಾಕ್ಕೊಂಡದ್ದು ದೊಡ್ಡ ತಪ್ಪು," ಎಂದರು. "ಅರ್ಧಾ ಔಷಧಕ್ಕ ಮೆತ್ತಗಿದ್ದ ಜಂತು ಸತ್ತವು, ಗಟ್ಟಿ ಇದ್ದವು ಉಳದವು. ಆಮ್ಯಾಲೆ ನಿಮ್ಮ ಮಂದಿ ತಂಬಿಗಿ ಹಿಡಕೊಂಡು ಎಲ್ಲಿಗೆ ಹೋಗತಾರ? ಕೆರೀ ದಂಡಿಗೆ. ಮಳಿ ಬಂತು, ಎಲ್ಲಾ ಒಳಗ ಹೋತು. ಈಗ ಕೆರಿತುಂಬ ಗಟ್ಟಿದ್ದವರದ ವಂಶ."

ಅಂದರೆ ಊರೆಲ್ಲ ಸೇರಿ ತಮ್ಮಲ್ಲಿ ಬಡವರನ್ನು ಕೊಂದು, ಪೈಲವಾನರನ್ನು ಆರಿಸಿ, ಮನೆಮನೆಯಿಂದ ಕೆರೆಗೆ ಮುಟ್ಟಿಸಿ, ಮೇಲೆ ಅಕ್ಕಿ ಕೊಬ್ಬರಿ ಇಟ್ಟು ಉಡಿ ತುಂಬಿದೆವು. ಇಷ್ಟು ಮರ್ಯಾದೆ ನಮ್ಮೂರ ಅಳಿಯಂದಿರಿಗೂ ಸಿಕ್ಕಿಲ್ಲ.

ಡಾಕ್ಟರರು ಅಕ್ಕನ ರಕ್ತನಾಳಕ್ಕೆ ನೀರು ಏರಿಸಿ, ಹಳದಿ ಬಣ್ಣದ ಹೊಸ ಗುಳಿಗೆ ಕೊಟ್ಟರು. ಅದಕ್ಕೆ ತಾವು ಬಗ್ಗಿದಿರಿ. ಅಕ್ಕ ಕಣ್ಣು ತೆರೆದು ಮೊದಲು ಕೇಳಿದ್ದು, "ಜೋಕಾಲಿ ಬಿಚ್ಚಿದ್ರೇನು?" ಎಂದು. ಮನೆಗೆ ಕಳಿಸುವಾಗ ಡಾಕ್ಟರರು ಇನ್ನೂ ಕೆಲವು ದಿನಗಳ ಗುಳಿಗೆ ಕೈಗಿಟ್ಟು, ಒಂದೂ ಉಳಿಸಬಾರದು, ಆರಾಮಾದರೂ ನುಂಗಬೇಕು, ನೀರು ಕುದಿಸಿ ಕುಡಿಯಬೇಕು ಎಂದು ಆಣೆ ಹಾಕಿಸಿಕೊಂಡರು.

ನಾವು ಊರು ಮುಟ್ಟುವ ಮೊದಲೇ ಹಳದಿ ಗುಳಿಗೆಯ ಕೀರ್ತಿ ಊರು ಮುಟ್ಟಿತ್ತು. ಮಾರನೆಯ ಸಂಜೆ ಚೇರಮನ್ನರು ಹಸಿರು ಕುಬಸದ ಕಣ ಹಿಡಿದ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನಮ್ಮ ಅಂಗಳಕ್ಕೆ ಬಂದರು.

"ತಂಗಿ, ನೀ ಅಂತೂ ಆರಾಮಾದಿ. ಉಳದ ಗುಳಿಗಿ ಗಂಗವ್ವನ ಉಡಿಗೆ ಹಾಕವಾ. ಊರು ಉಳದೀತು."

ನಾನು ಬಾಯಿ ತೆರೆದೆ. ಸಾಲಿ ಬಿಟ್ಟವನ ಮಾತು ಯಾರಿಗೆ ಬೇಕು? ಗುಂಪಿನಲ್ಲಿದ್ದ ಒಬ್ಬಳು, "ಗಂಗವ್ವಗ ಇಲ್ಲಾ ಅಂದ್ರ ತನ್ನ ಉಡೀನೂ ಬರಿದ ಉಳದೀತು," ಎಂದು ಗೊಣಗಿದಳು. ಮದುವೆಯಾಗಿ ನಾಲ್ಕು ಪಂಚಮಿ ಕಳೆದರೂ ಅಕ್ಕನಿಗೆ ಇನ್ನೂ ಮಕ್ಕಳಿಲ್ಲ. ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಅಕ್ಕ ಗುಳಿಗೆಯ ಪೊಟ್ಟಣ ಕೈಗೆತ್ತಿಕೊಂಡಳು. ಖರೇ ಹೇಳುತ್ತೇನೆ, ಕೊಟ್ಟೇ ಬಿಡುತ್ತಾಳೆ ಎಂದುಕೊಂಡೆ; ರೋಣದ ದಾರಿಯ ಕೆಸರೆಲ್ಲ ಮತ್ತೊಮ್ಮೆ ನನ್ನ ಕಣ್ಣ ಮುಂದೆ ಬಂತು.

ಅಕ್ಕ ಗೋಡೆ ಹಿಡಿದು ಎದ್ದು ನಿಂತಳು. "ಕಾಕಾ, ಗಂಗವ್ವಗ ಉಡಿ ನಾ ತುಂಬತೀನ್ರಿ. ಅಕ್ಕಿ ಹಾಕ್ತೀನಿ, ಕೊಬ್ಬರಿ ಹಾಕ್ತೀನಿ, ಬಳಿ ಇಡ್ತೀನಿ. ಆದ್ರ ಬ್ಯಾನಿ ಬಂದದ್ದು ನನಗ, ಆಕಿಗಲ್ಲ. ಆಕೀ ಹೊಟ್ಟಿ ಕೆಡಿಸಬ್ಯಾಡ್ರಿ."

ಆಮೇಲೆ ಅವ್ವನ ಕಡೆ ಸೆರಗೊಡ್ಡಿ, "ಅವ್ವಾ, ಇದನ್ನ ನನ್ನ ಉಡಿಗೆ ಹಾಕು," ಎಂದಳು. ಅವ್ವ ಪೊಟ್ಟಣವನ್ನು ಅವಳ ಉಡಿಗೆ ಹಾಕಿದಳು. ಅಕ್ಕ ಎಲ್ಲರೆದುರಿಗೆ ಅದರಿಂದ ಸಂಜೆಯ ಗುಳಿಗೆ ತೆಗೆದು, ಕುದಿಸಿ ಆರಿಸಿದ ನೀರಿನಲ್ಲಿ ನುಂಗಿ, ಉಳಿದದ್ದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಅಂಗಳದಲ್ಲಿ ಚಮನಬಿಯೊಬ್ಬಳ ನಗು ಕೇಳಿಸಿತು.

ಈಗ ನನ್ನ ವಿನಂತಿಗಳು. ತಾವು ಮನುಷ್ಯರ ಹೊಟ್ಟೆಗೆ ಬರುವ ಮೊದಲು ಪಂಚಾಯತಿಗೆ ತಿಳಿಸಿ ಡಂಗುರ ಸಾರಿಸಬೇಕು. ಕುಬಸದ ಬಟ್ಟೆಯಲ್ಲಿ ನೀರು ಸೋಸಿ, ಜಂತು ಕಾಣಲಿಲ್ಲವಾದ್ದರಿಂದ ಜಂತು ಇಲ್ಲ ಎಂದು ವಾದಿಸುವ ಬುದ್ಧಿವಂತರ ಮುಂದೆ ಒಮ್ಮೆಯಾದರೂ ಚೇಳಿನ ಗಾತ್ರದಲ್ಲಿ ಕಾಣಿಸಿಕೊಳ್ಳಬೇಕು. ಹಳದಿ ಗುಳಿಗೆಯ ಪಾಠವನ್ನು ದಯಮಾಡಿ ಕಲಿಯಬಾರದು. ಕೊನೆಯದಾಗಿ, ಕುದಿಯುವ ನೀರಿಗೆ ತಾವು ಇನ್ನೂ ಅಂಜುತ್ತೀರೆಂದು ಡಾಕ್ಟರರು ಹೇಳಿದ್ದಾರೆ. ಇಷ್ಟು ದೊಡ್ಡ ಪೈಲವಾನರಿಗೆ ಅದು ಶೋಭಿಸದಿದ್ದರೂ ಆ ಅಂಜಿಕೆಯನ್ನು ಬಿಡಬೇಡಿ. ಹತ್ತಿಕಟ್ಟಿಗೆಯಿರಲಿ, ಸಗಣಿಯ ಕುಳ್ಳಿರಲಿ, ನಮ್ಮ ಒಲೆಗೆ ಉರುವಲು ಹೊಂದಿಸುವುದು ನನ್ನ ಪಾಲಿನ ಕೆಲಸ.

ತಮ್ಮ ಕೆರೆಯ ನೀರನ್ನು ಕುದಿಸದೆ ಮುಟ್ಟದ,
ತಮ್ಮ ವಿಶ್ವಾಸಿ,
ಕನಕಪ್ಪ

ತಾ.ಕ.: ನಿನ್ನೆಯಿಂದ ಅಂದಾನಪ್ಪನವರು ತಂಬಿಗೆ ಹಿಡಿದು ಮೇಲಿಂದ ಮೇಲೆ ಕೆರೆಯ ದಂಡೆಗೆ ಹೋಗುತ್ತಿದ್ದಾರೆ. ಅವರ ಹೊಟ್ಟೆಯಲ್ಲಿರುವ ತಮ್ಮವರಿಗೆ, ಉಡಿ ತುಂಬಿಸಿದ ಧಣಿ ಇವರೇ, ಸ್ವಲ್ಪ ಉಪಕಾರಸ್ಮರಣೆ ಇರಲಿ ಎಂದು ಹೇಳಿ ಕಳಿಸಿರಿ. ಅಕ್ಕನ ಹಳದಿ ಗುಳಿಗೆ ಒಂದಾದರೂ ಉಳಿದಿದೆಯೇ ಎಂದು ಅವರ ಮನೆಯಿಂದ ಕೇಳಿ ಕಳಿಸಿದ್ದರು. ಎಲ್ಲ ನುಂಗಿ ಮುಗಿಸಿದಳು ಎಂದು ಖರೇನೇ ಹೇಳಿದೆ. ಅವರನ್ನು ಒಯ್ಯಲು ಕಾಶೀಂಸಾಬನ ಬಂಡಿ ರೋಣಕ್ಕೆ ಹೂಡಿ ನಿಂತಿದೆ. ದಾರಿಯಲ್ಲಿ ತಂಬಿಗೆ ಹಿಡಿದು ನಿಲ್ಲಲು ಒಬ್ಬರು ಬೇಕಂತೆ, ಆದ್ದರಿಂದ ಪತ್ರ ಇಲ್ಲಿಗೆ ಮುಗಿಸಿ ಹೊರಟಿದ್ದೇನೆ.